ಓಣಿ ಹೆದರುವ ನಾಯಿಯನ್ನು ಓಣಿಯಲ್ಲೇ ಸಾಕುವುದು ಹೇಗೆ

ಶೇಂಗಾ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಮರಿ. ರಾಟ್‌ವೀಲರ್. ಹುಬ್ಬಿನ ಮೇಲೆ ಎರಡು ಕಂದು ಚುಕ್ಕೆ, ಹುರಿದ ಶೇಂಗಾ ಬೀಜದ ಹಾಗೆ, ಅದಕ್ಕೇ ಆ ಹೆಸರು. ಆಗ ಓಣಿಯ ಮಕ್ಕಳೆಲ್ಲ ಎತ್ತಿಕೊಂಡು ಓಡಾಡಿದರು. ಎಂಟು ತಿಂಗಳಾಗುವ ಹೊತ್ತಿಗೆ ಮೂವತ್ತು ಕಿಲೋ ದಾಟಿದಳು, ಒಬ್ಬೊಬ್ಬರೇ ದೂರ ಸರಿದರು. ಎದುರು ಮನೆಯ ಅಜ್ಜಿ ಬೆಳಗ್ಗೆ ಹಾಲಿಗೆ ಹೊರಟರೆ ನಮ್ಮ ಗೇಟಿನ ಮುಂದೆ ಬರುವುದನ್ನೇ ಬಿಟ್ಟರು. ಮೊಣಕಾಲು ನೋವಿನವರು, ಆದರೂ ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗತೊಡಗಿದರು. ಒಂದು ದಿನ ಹೇಳಿಯೇ ಬಿಟ್ಟರು: "ತಮ್ಮಾ, ನಿನ್ನ ನಾಯಿ ಒಳ್ಳೇದೇ ಇರಬಹುದು. ಆದ್ರ ನನ್ನ ಎದಿ ಕೇಳಬೇಕಲ್ಲ."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನಾಲ್ಕು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ರಾಟ್‌ವೀಲರ್, ಪಿಟ್‌ಬುಲ್, ಡಾಬರ್‌ಮನ್ ಥರದ ಕೆಟ್ಟ ಹೆಸರಿನ ನಾಯಿ ಸಾಕುತ್ತಿರುವವರಿಗೆ, ಸಾಕಬೇಕು ಅಂತ ಯೋಚಿಸುತ್ತಿರುವವರಿಗೆ ಇದು.

ಮೊದಲು ಒಂದು ಮಾತು ಬಾಯಿಂದ ತೆಗೆದುಹಾಕಿ. "ಏನೂ ಮಾಡೂದಿಲ್ಲ, ಬರ್ರಿ." ನಾವೆಲ್ಲ ಇದನ್ನೇ ಹೇಳುತ್ತೇವೆ. ಎದುರಿಗೆ ನಿಂತವರಿಗೆ ಇದರಿಂದ ಒಂದು ಚೂರೂ ಧೈರ್ಯ ಬರುವುದಿಲ್ಲ, ಯಾಕೆಂದರೆ ಕಚ್ಚಿದ ನಾಯಿಯ ಮಾಲೀಕನೂ ಹಿಂದಿನ ದಿನ ಇದನ್ನೇ ಹೇಳಿದ್ದ. ಮಾತಿನ ಬದಲು ಕೆಲಸ ಮಾಡಿ. ಯಾರಾದರೂ ಎದುರಿಗೆ ಬಂದರೆ ನಿಲ್ಲಿ. ಹಗ್ಗವನ್ನು ಗಿಡ್ಡ ಮಾಡಿ ಕೈಗೆ ಸುತ್ತದೆ ಗಟ್ಟಿಯಾಗಿ ಹಿಡಿಯಿರಿ, ರಸ್ತೆಯ ಒಂದು ಬದಿಗೆ ಸರಿದು ನಾಯಿಯನ್ನು ಗೋಡೆಯ ಕಡೆ ಕೂರಿಸಿ, ನೀವು ನಾಯಿಗೂ ಅವರಿಗೂ ನಡುವೆ ನಿಲ್ಲಿ, ಅವರು ದಾಟಿ ಹೋಗುವ ತನಕ ಅಲ್ಲೇ ಇರಿ. ಫೋನ್ ಜೇಬಿನಲ್ಲಿರಲಿ. ಹತ್ತು ಸೆಕೆಂಡಿನ ಕೆಲಸ ಇದು. ದಿನಕ್ಕೆ ಹದಿನೈದು ಸಲ ಮಾಡಬೇಕಾಗುತ್ತದೆ, ಬೇಸರ ಬರುತ್ತದೆ, ಆದರೂ ಮಾಡಿ. ದಾರಿ ಅವರದು ಮೊದಲು, ನಮ್ಮದು ಆಮೇಲೆ.

ಜನ ಯಾಕೆ ಹೆದರುತ್ತಾರೆ ಅನ್ನುವುದನ್ನೂ ಸ್ವಲ್ಪ ಅರ್ಥ ಮಾಡಿಕೊಳ್ಳಿ. ನಮ್ಮ ಕಡೆ ಬೀದಿನಾಯಿ ಬೆನ್ನಟ್ಟಿದ್ದನ್ನು ಒಮ್ಮೆಯಾದರೂ ಕಾಣದವರು ಕಡಿಮೆ. ರಾತ್ರಿ ಬೈಕಿನಲ್ಲಿ ಬರುವಾಗ ಹಿಂದೆ ಬಿದ್ದ ನಾಯಿಗಳಿಂದ ಬಿದ್ದವರು ಇದ್ದಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್‌ಗೆ ಕೂತವರು ಇದ್ದಾರೆ. ಅವರ ಭಯಕ್ಕೆ ಕಾರಣ ನಿಮ್ಮ ನಾಯಿಯಲ್ಲ, ಆದರೆ ಭಯ ಅಂತೂ ನಿಜ. ಅದರ ಮೇಲೆ ಮೊಬೈಲ್‌ನಲ್ಲಿ ಬರುವ ವಿಡಿಯೋಗಳು. ಎಲ್ಲೋ ಒಂದು ಊರಿನಲ್ಲಿ ಪಿಟ್‌ಬುಲ್ ಕಚ್ಚಿದ ವಿಡಿಯೋ ಬಂದರೆ ಮರುದಿನ ನನ್ನ ಶೇಂಗಾಳನ್ನು ನೋಡುವ ಕಣ್ಣು ಬದಲಾಗಿರುತ್ತದೆ.

ಇನ್ನೊಂದು ಗೊತ್ತಿರಲಿ: ಕೆಟ್ಟ ಹೆಸರು ಒಂದೇ ತಳಿಯ ಮೇಲೆ ಯಾವಾಗಲೂ ಕೂರುವುದಿಲ್ಲ. ನಮ್ಮ ಹಿರಿಯರು ಈಗಲೂ "ಆಲ್ಸೇಷನ್ ನಾಯಿ" ಅನ್ನುತ್ತಾರಲ್ಲ, ಅದು ಜರ್ಮನ್ ಶೆಫರ್ಡ್. ಮೊದಲ ಮಹಾಯುದ್ಧ ಆದ ಮೇಲೆ ಜರ್ಮನಿಯ ಹೆಸರೇ ಬೇಡ ಅಂತ ಬ್ರಿಟನ್ನಿನವರು ಆ ನಾಯಿಗೆ ಆಲ್ಸೇಷಿಯನ್ ಅಂತ ಹೆಸರಿಟ್ಟರು, ಹಳೆಯ ಹೆಸರು ಅಲ್ಲಿ ಮತ್ತೆ ಬಂದದ್ದು 1977ರಲ್ಲಿ. ಆಸ್ಟ್ರೇಲಿಯಾ 1929ರಿಂದ ದಶಕಗಳ ಕಾಲ ಈ ನಾಯಿಯನ್ನು ಹೊರಗಿನಿಂದ ತರಿಸುವುದನ್ನೇ ನಿಲ್ಲಿಸಿತ್ತು. ಈಗ ಅದೇ ನಾಯಿ ಪೊಲೀಸರ ಜೊತೆ ಬಂದರೆ ಜನ ಫೋಟೋ ತೆಗೆಯುತ್ತಾರೆ. ಆಮೇಲೆ ಡಾಬರ್‌ಮನ್ ಸರದಿ ಬಂತು, ಆಮೇಲೆ ಪಿಟ್‌ಬುಲ್, ರಾಟ್‌ವೀಲರ್. ಪಿಟ್‌ಬುಲ್ ಕಚ್ಚಿದರೆ ದವಡೆ ಬೀಗ ಬಿದ್ದಂತೆ ಲಾಕ್ ಆಗುತ್ತದೆ ಅನ್ನುವುದು ಸುಳ್ಳು. ಅಂಥ ಬೀಗ ಯಾವ ನಾಯಿಯ ದವಡೆಯಲ್ಲೂ ಇಲ್ಲ.

ಹಾಗಂತ "ತಳಿ ಅನ್ನುವುದೇ ಸುಳ್ಳು, ಎಲ್ಲಾ ಸಾಕುವುದರಲ್ಲಿದೆ" ಅಂತ ವಾದಕ್ಕೆ ಇಳಿಯಬೇಡಿ. ಅದು ಅರ್ಧ ನಿಜ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂತು. 18 ಸಾವಿರಕ್ಕೂ ಜಾಸ್ತಿ ನಾಯಿಗಳ ಮಾಲೀಕರನ್ನು ಕೇಳಿ, 2 ಸಾವಿರಕ್ಕೂ ಜಾಸ್ತಿ ನಾಯಿಗಳ ಡಿಎನ್‌ಎ ನೋಡಿ ಅವರು ಕಂಡುಕೊಂಡದ್ದು ಇಷ್ಟು: ಒಂದು ನಾಯಿಯ ಸ್ವಭಾವ ಇನ್ನೊಂದರಿಂದ ಬೇರೆಯಾಗುವುದರಲ್ಲಿ ತಳಿಯ ಪಾಲು ಸುಮಾರು ಶೇಕಡಾ 9. ತಳಿಯ ಹೆಸರು ಕೇಳಿ ನಾಯಿಯ ಗುಣ ಹೇಳಲು ಬರುವುದಿಲ್ಲ ಅಂತಲೇ ಅರ್ಥ. ಆದರೆ ಮೈಬಲ? ಅದಂತೂ ತಳಿಯಿಂದಲೇ ಬರುತ್ತದೆ. ಪಮೇರಿಯನ್ ಸಿಟ್ಟಿಗೆದ್ದು ಕಚ್ಚಿದರೆ ಬಟ್ಟೆ ಹರಿಯಬಹುದು, ರಾಟ್‌ವೀಲರ್ ಕಚ್ಚಿದರೆ ಆಪರೇಷನ್ ಆಗಬಹುದು. ನಮ್ಮ ನಾಯಿಯ ಒಂದು ತಪ್ಪಿನ ಬೆಲೆ ಜಾಸ್ತಿ, ಅದಕ್ಕೇ ನಮ್ಮ ಜವಾಬ್ದಾರಿಯೂ ಬೇರೆಯವರಿಗಿಂತ ಜಾಸ್ತಿ. ಇದನ್ನು ಒಪ್ಪಿಕೊಂಡು ಮಾತಾಡಿದರೆ ಜನ ಕೇಳುತ್ತಾರೆ. ಒಪ್ಪದೆ ಮಾತಾಡಿದರೆ ಸುಮ್ನೆ ಜಗಳ.

ಇನ್ನೂ ಮರಿ ತರದವರು ಇದನ್ನು ನೋಡಿಕೊಳ್ಳಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮದಲ್ಲಿ ಹಾಗೇ ಇದೆ. ಮೂವತ್ತು ದಿನದ ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಕೊಡಲು ಬಂದರೆ ಬೇಡ ಅನ್ನಿ. ತಾಯಿ ನಾಯಿಯನ್ನು ಕಣ್ಣಾರೆ ನೋಡಿ. ಅದು ಹೊಸಬರನ್ನು ಕಂಡರೆ ಮೂಲೆಗೆ ಸರಿಯುತ್ತದಾ, ಎಗರುತ್ತದಾ, ಆರಾಮಾಗಿ ಬಂದು ಮೂಸುತ್ತದಾ? ತೋರಿಸಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ಚಂದ ಕಾಣಲಿ ಅಂತ ಕಿವಿ, ಬಾಲ ಕತ್ತರಿಸಬೇಡಿ. ನೋವು ಒಂದು ಕಡೆ. ಕಿವಿ ಬಾಲ ಇಲ್ಲದ ನಾಯಿಯ ಮನಸ್ಸು ಓದುವುದು ಜನರಿಗೂ ಕಷ್ಟ, ಬೇರೆ ನಾಯಿಗಳಿಗೂ ಕಷ್ಟ, ಮುಖ ಇನ್ನಷ್ಟು ಭಯಂಕರ ಕಾಣುತ್ತದೆ. ಹೆಸರನ್ನೂ ನೋಡಿ ಇಡಿ. "ಕಿಲ್ಲರ್, ಬಾ" ಅಂತ ಓಣಿಯಲ್ಲಿ ಕೂಗಿದರೆ ಕೇಳಿದವರ ಮನಸ್ಸಿನಲ್ಲಿ ಏನು ಬರುತ್ತದೆ ಹೇಳಿ. ಶೇಂಗಾ ಅಂದರೆ ಕನಿಷ್ಠ ಮಕ್ಕಳಾದರೂ ನಗುತ್ತಾರೆ.

ಮರಿಗೆ ಮೂರು ವಾರದಿಂದ ಮೂರು ತಿಂಗಳ ತನಕದ ದಿನಗಳು ಬಂಗಾರ. ಆಗ ಕಂಡದ್ದು, ಕೇಳಿದ್ದು ಅದಕ್ಕೆ ಮಾಮೂಲು ಆಗುತ್ತದೆ. ಲಸಿಕೆ ಪೂರ್ತಿ ಆಗದ ಮರಿಯನ್ನು ಬೀದಿಯಲ್ಲಿ ಬಿಡಬೇಡಿ, ಪಾರ್ವೋ ರೋಗ ಮರಿಗಳನ್ನು ಕೆಲವೇ ದಿನದಲ್ಲಿ ಕೊಂದುಬಿಡಬಹುದು. ಆದರೆ ಎತ್ತಿಕೊಂಡು ತಿರುಗಾಡಿಸಬಹುದು. ನಾನು ಶೇಂಗಾಳನ್ನು ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ರಸ್ತೆ ಬದಿಗೆ ನಿಲ್ಲುತ್ತಿದ್ದೆ, ಸಂತೆಯ ದಿನ ಕಾಯಿಪಲ್ಲೆ ಗಾಡಿಗಳ ನಡುವೆ ಓಡಾಡುತ್ತಿದ್ದೆ. ಹೆಲ್ಮೆಟ್ ಹಾಕಿದವರು, ಬುರ್ಖಾ ಹಾಕಿದವರು, ಕೋಲು ಹಿಡಿದ ಮುದುಕರು, ಕಂಬಳಿ ಹೊದ್ದ ಕುರುಬರು, ಓಡುವ ಮಕ್ಕಳು, ಬೀದಿಯ ದನ, ಎಲ್ಲವನ್ನೂ ದೂರದಿಂದ ತೋರಿಸಬೇಕು. ಗಣೇಶ ಹಬ್ಬದ ಡೊಳ್ಳು, ಹೋಳಿಯ ಹಲಗಿ ಸಪ್ಪಳ ನಮ್ಮ ಊರಿನಲ್ಲಿ ತಪ್ಪುವುದಿಲ್ಲ, ಅದನ್ನು ಮೊದಲು ಮೊಬೈಲ್‌ನಲ್ಲಿ ಸಣ್ಣಗೆ ಹಾಕಿ ಊಟದ ಹೊತ್ತಿಗೆ ಕೇಳಿಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಜೋರು ಮಾಡಿ. ದೊಡ್ಡದಾದ ಮೇಲೂ ರಂಗಪಂಚಮಿಯ ದಿನ, ಮೆರವಣಿಗೆಯ ರಾತ್ರಿ ಹೊರಗೆ ತರಲೇಬೇಡಿ.

ಚೈನಿಗೆ ಕಟ್ಟಿ ಗೇಟಿನ ಮುಂದೆ ಇಡುವುದು ನಮ್ಮ ಕಡೆ ತುಂಬಾ ಜಾಸ್ತಿ. ದಿನವಿಡೀ ಕಟ್ಟಿದ ನಾಯಿ, ಹೋಗಿ ಬರುವವರನ್ನೆಲ್ಲ ಬೊಗಳುತ್ತ ಬೊಗಳುತ್ತ ನಿಜವಾಗಿಯೂ ಕಚ್ಚುವ ನಾಯಿ ಆಗುತ್ತದೆ. ಓಣಿಯವರು ದಿನಾ ನೋಡುವುದೂ ಆ ಮುಖವನ್ನೇ.

ಈಗ ಗೇಟಿನ ವಿಷಯ. ಇದನ್ನು ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ.

ಒಂದು ಮಧ್ಯಾಹ್ನ ಗೇಟಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಸಿಲಿಂಡರ್ ತಂದ ಹುಡುಗ ಹೆಗಲ ಮೇಲೆ ಸಿಲಿಂಡರ್ ಇಟ್ಟುಕೊಂಡೇ ಮೊಣಕಾಲಿನಿಂದ ತಳ್ಳಿದ, ಗೇಟ್ ತೆರೆಯಿತು. ಶೇಂಗಾ ಹಿತ್ತಲಿನಿಂದ ಓಡಿ ಬಂದಳು. ಕಚ್ಚಲಿಲ್ಲ. ಎದೆಯಿಂದ ಡಿಕ್ಕಿ ಹೊಡೆದಳು, ಅಷ್ಟೆ. ರಾಟ್‌ವೀಲರ್ ಅನ್ನುವುದು ಜರ್ಮನಿಯ ರಾಟ್‌ವೈಲ್ ಅನ್ನುವ ಊರಿನ ನಾಯಿ, ಕಸಾಯಿಗಳ ದನ ಹೊಡೆದುಕೊಂಡು ಹೋಗಲು ಸಾಕಿದ್ದು. ಮೈಯಿಂದ ತಳ್ಳುವುದು ಅದರ ರಕ್ತದಲ್ಲೇ ಇದೆ. ಆದರೆ ಆ ಹುಡುಗನಿಗೆ ಈ ಕಥೆಯಿಂದ ಏನಾಗಬೇಕು? ಅವನು ಹಿಂದಕ್ಕೆ ಬಿದ್ದ, ಸಿಲಿಂಡರ್ ಪಕ್ಕಕ್ಕೆ ಉರುಳಿತು, ಚರಂಡಿಯ ಕಲ್ಲಿಗೆ ಉಜ್ಜಿ ಮೊಣಕೈ ಚರ್ಮ ಕಿತ್ತುಬಂತು. ಎದ್ದು ಕೂತವನ ಕೈ ನಡುಗುತ್ತಿತ್ತು. ನಾನು ಓಡಿ ಬಂದು ಮೊದಲು ಅಂದದ್ದು, "ಕಡದಿಲ್ಲ ಅಲ್ವಾ?" ಅವನು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಕಚ್ಚಿತೋ ಇಲ್ಲವೋ ಅನ್ನುವುದು ನನ್ನ ಲೆಕ್ಕ, ಅವನ ಜೀವ ಬಾಯಿಗೆ ಬಂದದ್ದು ಆ ಲೆಕ್ಕದಲ್ಲಿ ಇರಲೇ ಇಲ್ಲ. ಡ್ರೆಸ್ಸಿಂಗ್ ಮಾಡಿಸಿದೆ, ಟಿಟಿ ಇಂಜೆಕ್ಷನ್ ಕೊಡಿಸಿದೆ, ಆ ದಿನದ ಅವನ ಕೂಲಿ ಕೊಟ್ಟೆ, ಎರಡು ದಿನ ಬಿಟ್ಟು ಮನೆಗೆ ಹೋಗಿ ಮತ್ತೆ ಕೇಳಿಬಂದೆ.

ಮರುದಿನವೇ ವೆಲ್ಡಿಂಗ್ ಅಂಗಡಿಯವರನ್ನು ಕರೆಸಿ ಒಳಗೆ ಇನ್ನೊಂದು ಗೇಟ್ ಹಾಕಿಸಿದೆ. ನಿಮಗೆ ಹೇಳುವುದು ಇದನ್ನೇ: ಗೇಟ್ ಎರಡು ಇರಲಿ. ಹೊರಗಿನದು ತೆರೆದರೂ ಒಳಗಿನದು ಮುಚ್ಚಿರಬೇಕು, ಚಿಲಕ ತಾನೇ ಬೀಳುವಂಥದ್ದು ಆಗಿರಬೇಕು. ಕರೆಗಂಟೆ ಕಾಂಪೌಂಡಿನ ಹೊರಗೋಡೆಗೆ ಬರಲಿ, ಒಳಗೆ ಕೈ ಹಾಕಿ ಒತ್ತುವ ಹಾಗೆ ಇರಬಾರದು. "ನಾಯಿ ಇದೆ, ಎಚ್ಚರಿಕೆ" ಅನ್ನುವ ಬೋರ್ಡ್ ಸಾಲದು. ನಮ್ಮ ಗೇಟಿನ ಮೇಲೆ "ನಾಯಿ ಇದೆ. ಗಂಟೆ ಒತ್ತಿ, ನಾವೇ ಹೊರಗೆ ಬರುತ್ತೇವೆ" ಅಂತ ಬರೆಸಿದ್ದೇನೆ, ಪಕ್ಕದಲ್ಲಿ ಫೋನ್ ನಂಬರ್. ಹಾಲು, ಪೇಪರ್, ಕೊರಿಯರ್ ಇಡಲು ಹೊರಗೆ ಒಂದು ಡಬ್ಬಿ. ಬಂದವರು ಏನು ಮಾಡಬೇಕು ಅಂತ ಬೋರ್ಡೇ ಹೇಳಬೇಕು.

ಮಜಲ್ (ಕಚ್ಚದಂತೆ ನಾಯಿಯ ಮೂತಿಗೆ ಹಾಕುವ ಕವಚ) ಅಂದರೆ ಹಲವರಿಗೆ ಬೇಜಾರು. "ನನ್ನ ನಾಯಿಗೆ ಯಾಕ್ರೀ ಬಾಯಿ ಕಟ್ಟಬೇಕು?" ನಾವು ಎಡೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಹಾಕುವುದಿಲ್ಲವಾ, ಬೆಳೆಗೆ ಬಾಯಿ ಹಾಕದಿರಲಿ ಅಂತ? ಎತ್ತಿನ ಮೇಲೆ ಸಿಟ್ಟಿದ್ದು ಹಾಕುತ್ತೇವಾ? ಇದೂ ಹಾಗೇ. ಗದ್ದಲದ ಜಾಗಕ್ಕೆ, ದವಾಖಾನೆಗೆ, ಲಿಫ್ಟಿಗೆ ಹೋಗುವಾಗ ಹಾಕಿ. ಆದರೆ ಬಟ್ಟೆಯದು ಬೇಡವೇ ಬೇಡ. ನಾಯಿ ಮೈ ತಂಪು ಮಾಡಿಕೊಳ್ಳುವುದು ಬಾಯಿ ತೆರೆದು ಏದುಸಿರು ಬಿಟ್ಟೇ. ಏಪ್ರಿಲ್-ಮೇ ಬಿಸಿಲಿನಲ್ಲಿ ಬಾಯಿ ಬಿಗಿದರೆ ಜೀವಕ್ಕೇ ಅಪಾಯ. ಬುಟ್ಟಿಯ ಥರದ್ದು ತನ್ನಿ, ಒಳಗೆ ಬಾಯಿ ಪೂರ್ತಿ ತೆರೆಯುವಂತಿರಬೇಕು, ನೀರು ಕುಡಿಯುವಂತಿರಬೇಕು.

ಅಭ್ಯಾಸ ಮಾಡಿಸುವುದು ಹೀಗೆ. ಬುಟ್ಟಿಯ ಒಳತುದಿಗೆ ಗಟ್ಟಿ ಮೊಸರು ಹಚ್ಚಿ, ನೆಲದ ಕಡೆ ಹಿಡಿದು ಸುಮ್ಮನೆ ಕೂಡಿ. ನಾಯಿ ತಾನೇ ಬಂದು ಮೂತಿ ಹಾಕಿ ನೆಕ್ಕಲಿ. ನೀವು ಅದರ ಮುಖಕ್ಕೆ ತಳ್ಳಬಾರದು. ಮೂರು ನಾಲ್ಕು ದಿನ ಇಷ್ಟೇ. ಆಮೇಲೆ ನೆಕ್ಕುತ್ತಿರುವಾಗ ಪಟ್ಟಿಯನ್ನು ಕಿವಿಯ ಹಿಂದೆ ತಂದು, ಬಕಲ್ ಹಾಕದೆ, ಹಾಗೇ ಬಿಡಿ. ಆಮೇಲೆ ಬಕಲ್ ಹಾಕಿ ಎರಡು ಸೆಕೆಂಡಿಗೆ ತೆಗೆಯಿರಿ. ಹೀಗೆ ಐದು, ಹತ್ತು, ಮೂವತ್ತು. ಕಾಲಿನಿಂದ ಕೆರೆದುಕೊಂಡರೆ ಅವಸರ ಮಾಡಿದ್ದೀರಿ ಅಂತ ಅರ್ಥ, ಒಂದು ಹೆಜ್ಜೆ ಹಿಂದೆ ಹೋಗಿ. ಶೇಂಗಾಗೆ ಹದಿನೆಂಟು ದಿನ ಹಿಡಿಯಿತು. ಈಗ ಬುಟ್ಟಿ ಕೈಗೆ ತೆಗೆದುಕೊಂಡರೆ ಬಾಲ ಆಡಿಸುತ್ತ ತಾನೇ ಮೂತಿ ತೂರಿಸುತ್ತಾಳೆ, ಮೊಸರು ಇದೆಯಾ ಅಂತ.

ಗುರ್ ಅನ್ನುವ ನಾಯಿಗೆ ಹೊಡೆಯಬೇಡಿ. ಗುರ್ ಅನ್ನುವುದು "ನನಗೆ ಇದು ಬೇಡ" ಅಂತ ಹೇಳುವ ಮಾತು. ಹೊಡೆದು ಆ ಮಾತನ್ನೇ ಬಿಡಿಸಿದರೆ ಮುಂದಿನ ಸಲ ಹೇಳದೆಯೇ ಕಚ್ಚುತ್ತದೆ, ಆಗ ಜನ "ಎಚ್ಚರಿಕೆ ಇಲ್ಲದೆ ಕಚ್ಚಿತು, ಇಂಥ ತಳಿಯೇ ಹೀಗೆ" ಅನ್ನುತ್ತಾರೆ. ಗುರ್ ಅನ್ನುವುದಕ್ಕೂ ಮುಂಚೆ ಸಣ್ಣ ಸಣ್ಣ ಗುರುತು ಇರುತ್ತವೆ: ನಿದ್ದೆ ಇಲ್ಲದೆ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಮೈ ಸೆಟೆದು ನಿಲ್ಲುವುದು. ಇವು ಕಂಡರೆ ಅಲ್ಲಿಂದ ದೂರ ಕರೆದುಕೊಂಡು ಹೋಗಿ. ಬಾಲ ಆಡಿಸುತ್ತಿದೆ ಅಂದರೆ ಖುಷಿಯಲ್ಲಿದೆ ಅಂತಲೇ ಅಲ್ಲ. ಬಾಲ ಮೇಲೆತ್ತಿ ಗಟ್ಟಿಯಾಗಿ, ಸಣ್ಣಗೆ ಅಲುಗಾಡಿಸುವುದು ಬೇರೆಯೇ.

ಇಲ್ಲಿ ನಮ್ಮ ಮುಧೋಳ ನಾಯಿಯ ಮಾತು ಹೇಳಲೇಬೇಕು. ತೆಳ್ಳಗಿನ ಮೈ, ನಮ್ಮದೇ ಉತ್ತರ ಕರ್ನಾಟಕದ ನಾಯಿ, ಸೈನ್ಯಕ್ಕೂ ಹೋಗಿ ಬಂದ ಹೆಮ್ಮೆ ಬೇರೆ. ಶೇಂಗಾಳನ್ನು ಕಂಡು ರಸ್ತೆ ದಾಟುವವರೇ ಮುಧೋಳ ನಾಯಿಯ ತಲೆ ಸವರಲು ಕೇಳದೆ ಕೈ ಚಾಚುತ್ತಾರೆ. ಆದರೆ ಅಪರಿಚಿತರು ಮುಟ್ಟುವುದು ಮುಧೋಳಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ, ಕುರಿ ಮೊಲ ಕಂಡರೆ ಬಾಣದಂತೆ ಓಡುವ ಬೇಟೆ ನಾಯಿ ಅದು. ಯಾವ ನಾಯಿಗೇ ಆಗಲಿ, ಮಾಲೀಕರನ್ನು ಕೇಳದೆ ಕೈ ಹಾಕಬಾರದು. ಓಣಿಯ ಮಕ್ಕಳಿಗೆ ಇದನ್ನು ಕಲಿಸುವುದು ನಿಮ್ಮ ಕೆಲಸ ಅಂತಲೇ ಇಟ್ಟುಕೊಳ್ಳಿ. ನಾಯಿ ಓಡಿ ಬಂದರೆ ಓಡಬೇಡ, ಕಿರುಚಬೇಡ, ಗಿಡದ ಹಾಗೆ ನಿಲ್ಲು, ಕೈ ಮೈಗೆ ಅಂಟಿಸಿಕೋ, ಕಣ್ಣಿಗೆ ಕಣ್ಣು ಕೊಡಬೇಡ. ನಾನು ಬೇಸಿಗೆ ರಜೆಯಲ್ಲಿ ಒಂದು ಸಂಜೆ ಏಳು ಮಕ್ಕಳಿಗೆ ಆಟದ ಹಾಗೆ ಇದನ್ನು ಮಾಡಿಸಿದೆ, ನಾಯಿ ಇಲ್ಲದೆ, ನಾನೇ ನಾಯಿಯಾಗಿ ಓಡಿ. ಅವರಿಗೆ ಬೀದಿನಾಯಿಯ ಮುಂದೆಯೂ ಇದು ಉಪಯೋಗಕ್ಕೆ ಬಂತು. ಹೆದರುವ ಮಗುವನ್ನು ಮಾತ್ರ "ಮುಟ್ಟು, ಏನಾಗಲ್ಲ" ಅಂತ ಒತ್ತಾಯ ಮಾಡಬೇಡಿ.

ಕಾಗದಪತ್ರ ಸರಿಯಾಗಿರಲಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ಡಾಕ್ಟರು ಹೇಳಿದಂತೆ ಬೂಸ್ಟರ್, ವರ್ಷಾ ವರ್ಷ ತಪ್ಪದೆ. ಆ ಪುಸ್ತಕದ ಫೋಟೋ ಮೊಬೈಲ್‌ನಲ್ಲಿರಲಿ, ಯಾರಾದರೂ ಕೇಳಿದರೆ ಮುಖ ಗಂಟು ಹಾಕದೆ ತೋರಿಸಿ. ಪಾಲಿಕೆ ಅಥವಾ ನಗರಸಭೆಯಲ್ಲಿ ಲೈಸೆನ್ಸ್ ವಿಚಾರಿಸಿ ಮಾಡಿಸಿಕೊಳ್ಳಿ.

"ಈ ನಾಯಿ ಬ್ಯಾನ್ ಆಗೇತಲ್ರೀ?" ಅಂತ ಕೇಳುವವರು ಈಗಲೂ ಸಿಗುತ್ತಾರೆ. ಅವರಿಗೆ ಹೇಳಬೇಕಾದದ್ದು ಇಷ್ಟು: 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಇಲಾಖೆ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳಿಗೆ ಲೈಸೆನ್ಸ್ ಕೊಡಬೇಡಿ, ಈಗಾಗಲೇ ಸಾಕಿದವರು ಸಂತಾನಹರಣ ಮಾಡಿಸಲಿ ಅಂತ ರಾಜ್ಯಗಳಿಗೆ ಬರೆಯಿತು. ಅದನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳಿಲ್ಲ, ಈ ಸಲಹೆ ಕೊಟ್ಟ ತಜ್ಞರ ಸಮಿತಿಯ ರಚನೆ ಸರಿಯಾದ ರೀತಿಯಲ್ಲಿ ಆಗಿಲ್ಲ ಅನ್ನುವುದು ಕಾರಣ. ಸರಿಯಾದ ಕ್ರಮದಲ್ಲಿ ಹೊಸ ನಿಯಮ ತರಲು ಸರ್ಕಾರಕ್ಕೆ ದಾರಿ ಮುಚ್ಚಿಲ್ಲ. ಹಾಗಾಗಿ "ಕೋರ್ಟಿನಲ್ಲಿ ಗೆದ್ದೆವು" ಅಂತ ಬೀಗುವುದು ಬೇಡ. ನಾಯಿಯನ್ನು ಅಜಾಗರೂಕತೆಯಿಂದ ಬಿಟ್ಟು ಯಾರಿಗಾದರೂ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ, ಆರು ತಿಂಗಳ ತನಕ ಜೈಲು, ಐದು ಸಾವಿರದ ತನಕ ದಂಡ, ಅಥವಾ ಎರಡೂ. ಅದು ಯಾವ ತಳಿ ಅಂತ ಕೇಳುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ: ಸಂಘದವರು ಬಹುಮತದಿಂದ ತೀರ್ಮಾನ ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬೇಡ ಅನ್ನುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದೆ. ಗೊತ್ತಿರಲಿ, ಆದರೆ ಮೀಟಿಂಗಿಗೆ ಹೋದ ಕೂಡಲೇ ಆ ಕಾಗದ ಮೇಜಿನ ಮೇಲೆ ಹಾಕಬೇಡಿ. ಮೊದಲು ಅವರ ದೂರು ಏನು ಕೇಳಿ. ಎಷ್ಟೋ ಸಲ ತಳಿಯ ವಿಷಯವೇ ಇರುವುದಿಲ್ಲ, ಮೆಟ್ಟಿಲ ಹತ್ತಿರ ಹೇಲು, ರಾತ್ರಿ ಬೊಗಳಾಟ ಇಷ್ಟೇ ಇರುತ್ತದೆ. ಹೇಲು ಎತ್ತಲು ಹಳೆ ಪೇಪರ್, ಒಂದು ಚೀಲ ಯಾವಾಗಲೂ ಜೇಬಿನಲ್ಲಿರಲಿ. ನಾನು ಅದನ್ನು ಎತ್ತುವುದನ್ನು ನೋಡಿದ ಮೇಲೆಯೇ ನಮ್ಮ ಓಣಿಯ ಇಬ್ಬರು ನನ್ನ ಜೊತೆ ಮಾತು ಶುರು ಮಾಡಿದ್ದು.

ಇಷ್ಟಾದರೂ ಒಂದು ದಿನ ಹಲ್ಲು ತಾಗಿತು ಅಂದುಕೊಳ್ಳಿ. ಯಾರ ತಪ್ಪು ಅಂತ ಚರ್ಚೆ ಬೇಡ. ನಾಯಿಯನ್ನು ಕೋಣೆಗೆ ಹಾಕಿ. ಗಾಯವನ್ನು ಹರಿಯುವ ನಲ್ಲಿ ನೀರಿನಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಅರಿಸಿನ, ಖಾರದಪುಡಿ, ಸುಣ್ಣ ಏನೂ ಹಚ್ಚಬೇಡಿ. ನಿಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಲಸಿಕೆ ಪುಸ್ತಕ ಡಾಕ್ಟರಿಗೆ ತೋರಿಸಿ, "ನಾಯಿಗೆ ಲಸಿಕೆ ಆಗಿದೆ, ಇಂಜೆಕ್ಷನ್ ಬೇಡ" ಅಂತ ನೀವೇ ತೀರ್ಮಾನ ಹೇಳಬೇಡಿ. ಎಲ್ಲಾ ಡೋಸ್ ಮುಗಿಯುವ ತನಕ ಪ್ರತಿ ದಿನಾಂಕಕ್ಕೂ ನೀವೇ ಫೋನ್ ಮಾಡಿ ನೆನಪಿಸಿ, ಖರ್ಚು ಕೊಡಿ.

ನಮ್ಮಂಥವರಿಗೆ ಕೆಟ್ಟ ಹೆಸರು ತರುವವರು ನಮ್ಮೊಳಗೇ ಇದ್ದಾರೆ. ಮೀಸೆ ತಿರುವುತ್ತ "ಒಂದ್ ಮಾತ್ ಹೇಳಿದ್ರ ಹರದ್ ಹಾಕ್ತದ" ಅನ್ನುವವರು, ಬೀದಿನಾಯಿಯ ಮೇಲೆ ಛೂ ಬಿಟ್ಟು ರೀಲ್ಸ್ ಮಾಡುವವರು. ಅಂಥವರ ವಿಡಿಯೋಗೆ ಲೈಕ್ ಒತ್ತಬೇಡಿ, ಎದುರಿಗೆ ಸಿಕ್ಕರೆ ತಪ್ಪು ಅಂತ ಹೇಳಿ.

ಎದುರು ಮನೆಯ ಅಜ್ಜಿಯ ವಿಷಯಕ್ಕೆ ಬಂದರೆ, ನಾನು ಮಾಡಿದ್ದು ಒಂದೇ. ಅವರು ಹಾಲಿಗೆ ಹೋಗುವುದು ಆರೂವರೆಗೆ ಅಂತ ನೋಡಿಕೊಂಡೆ. ಶೇಂಗಾಳ ವಾಕಿಂಗನ್ನು ಐದೂಕಾಲಿಗೆ ತಂದೆ, ಆರು ಗಂಟೆಗೆಲ್ಲ ವಾಪಸ್ಸು ಬಂದು ಹಿತ್ತಲಿಗೆ ಹಾಕಿ ಒಳಗೇಟ್ ಮುಚ್ಚುತ್ತೇನೆ. ಆರೂವರೆಗೆ ನಾನೊಬ್ಬನೇ ಗೇಟಿನ ಹೊರಗೆ ಪೇಪರ್ ಓದುತ್ತ ನಿಲ್ಲುತ್ತಿದ್ದೆ, ಗೇಟ್ ಮುಚ್ಚಿದೆ ಅಂತ ದೂರದಿಂದಲೇ ಅವರಿಗೆ ಕಾಣಲಿ ಅಂತ. ಐದಾರು ವಾರ ಅವರು ಹಿಂದಿನ ಓಣಿಯಿಂದಲೇ ಹೋದರು. ಆಮೇಲೆ ಒಂದು ಮಳೆಯ ದಿನ, ಹಿಂದಿನ ಓಣಿಯಲ್ಲಿ ಕೆಸರು ಇತ್ತೇನೋ, ಕೊಡೆ ಹಿಡಿದು ನಮ್ಮ ಮುಂದೆಯೇ ಬಂದರು. "ಕಟ್ಟಿಯೇನು?" ಅಂದರು. "ಹಿತ್ತಲದಾಗ ಐತಿ ಅಮ್ಮಾ, ಎರಡೂ ಗೇಟ್ ಹಾಕೇನಿ" ಅಂದೆ. ಈಗ ದಿನಾ ಇದೇ ದಾರಿಯಲ್ಲಿ ಹೋಗುತ್ತಾರೆ. ಶೇಂಗಾಳನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ, ನಾನು ಕೇಳಿಯೂ ಇಲ್ಲ. ಗೇಟಿನ ಹತ್ತಿರ ಬಂದಾಗ ಮಾತ್ರ ಈಗಲೂ ಒಂದು ಸಲ ಚಿಲಕ ನೋಡುತ್ತಾರೆ.